ಚೂಪು ಮೂತಿಯ ಪಕ್ಕಬಲ ಇಳಿಸುವುದು: ಮೈಸೂರಿನ ವಿಂಡ್ ಟನಲ್‌ನಲ್ಲಿ ನನ್ನ ಅನುಭವ

ರಾಕೆಟ್‌ನಂತೆ ತೆಳ್ಳಗೆ ಉದ್ದವಾದ, ಚೂಪು ಮೂತಿಯ ಮಾಡೆಲನ್ನು ವಿಂಡ್ ಟನಲ್‌ನಲ್ಲಿ, ಅಂದರೆ ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗದಲ್ಲಿ, ಗಾಳಿಗೆ 40–50 ಡಿಗ್ರಿ ಎತ್ತಿ ನಿಲ್ಲಿಸಿದರೆ ಅದು ಮೇಲಕ್ಕೆ ಮಾತ್ರವಲ್ಲ, ಪಕ್ಕಕ್ಕೂ ಎಳೆಯುತ್ತದೆ. ಈ ಅಡ್ಡ ಎಳೆತವೇ ಪಕ್ಕಬಲ. ಗಾಳಿ ನೇರ ಎದುರಿನಿಂದಲೇ ಬರುತ್ತಿರುತ್ತದೆ. ಆದರೆ ಗಾಳಿಮರೆಯ ಬದಿಯಲ್ಲಿ ಹುಟ್ಟುವ ಜೋಡಿ ಸುಳಿಗಳಲ್ಲಿ ಒಂದು ಮೈಗಂಟಿ ಉಳಿದು ಇನ್ನೊಂದು ಮೇಲೆದ್ದು ದೂರ ಸರಿಯುತ್ತದೆ. ಯಾವುದು ಏಳಬೇಕೆಂದು ನಿರ್ಧರಿಸುವುದು ತುದಿಯಲ್ಲಿರುವ, ಕಣ್ಣಿಗೂ ಕಾಣದ ಓರೆಕೋರೆ. ಹಾಗಾಗಿ ಪರಿಹಾರವೂ ತುದಿಯಿಂದಲೇ ಶುರುವಾಗಬೇಕು.

ನಾನು ಬಳಸುವುದು 30 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ಮಾಡೆಲ್: 90 ಮಿ.ಮೀ. ಓಜೈವ್ (ಬದಿಗಳು ಕಮಾನಿನಂತೆ ಬಾಗಿ ಚೂಪಾಗುವ) ಮೂತಿ, ಹಿಂದೆ 210 ಮಿ.ಮೀ. ಸಿಲಿಂಡರ್. ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೇತ್‌ಗಳಲ್ಲಿ ಇದು ಸಲೀಸಾಗಿ ಆಗುತ್ತದೆ. ಮೂತಿ ಬೇರೆ ತುಂಡಾಗಿದ್ದು, ಬಿಗಿ ಸಡಿಲಿಸಿ ತಿರುಗಿಸಲು ಬರಬೇಕು, ಇದನ್ನು ಬಿಡಲೇಬೇಡಿ. ಮೂತಿಯನ್ನಷ್ಟೇ ತಿರುಗಿಸಿದಾಗ ಪಕ್ಕಬಲ ಎಡದಿಂದ ಬಲಕ್ಕೆ ಹಾರಿದರೆ ಕಾರಣ ತುದಿ. ಹೇಗೆ ತಿರುಗಿಸಿದರೂ ಅಷ್ಟೇ ಉಳಿದರೆ ಟನಲ್‌ನ ಗಾಳಿಯೇ ಓರೆ, ಇಲ್ಲವೇ ಬಲ ಅಳೆಯುವ ಉಪಕರಣವಾದ ಬ್ಯಾಲೆನ್ಸ್ ಸರಿಯಾಗಿ ಕೂತಿಲ್ಲ.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.08 ಕೆ.ಜಿ. ಆಸುಪಾಸು. ಪುಸ್ತಕದಲ್ಲಿರುವ ಸಮುದ್ರಮಟ್ಟದ 1.225 ಹಾಕಿ ಲೆಕ್ಕ ಮಾಡಿದರೆ ಬಲದ ಗುಣಾಂಕ (ಗಾತ್ರ, ವೇಗಗಳ ಪ್ರಭಾವ ಕಳೆದು ಬಲವನ್ನು ಹೋಲಿಸುವ ಸಂಖ್ಯೆ) ಶೇ. 12ರಷ್ಟು ಕಡಿಮೆ ಬರುತ್ತದೆ. ಪಿಟೋಟ್ ನಳಿಕೆ ಅಳೆಯುವ, ಗಾಳಿಯ ವೇಗದಿಂದ ಬರುವ ಒತ್ತಡವನ್ನೇ ನೇರ ಬಳಸಿದರೆ ಆ ತೊಂದರೆಯಿಲ್ಲ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ವ್ಯಾಸದ ಮೇಲಿನ ರೆನಾಲ್ಡ್ಸ್ ಸಂಖ್ಯೆ (ವೇಗ, ಗಾತ್ರಗಳನ್ನು ಗಾಳಿಯ ಸ್ನಿಗ್ಧತೆಯೊಂದಿಗೆ ಹೋಲಿಸುವ ಸಂಖ್ಯೆ) ಸುಮಾರು 53,000. ಪಕ್ಕಬಲ ಗುಣಾಂಕ 3 ಇದ್ದರೆ ಬ್ಯಾಲೆನ್ಸಿಗೆ ಸಿಗುವುದು ಒಂದು ನ್ಯೂಟನ್ ಮಾತ್ರ, ಆದ್ದರಿಂದ ಸಣ್ಣ ರೇಂಜಿನ ಬ್ಯಾಲೆನ್ಸೇ ಬೇಕು.

ಮೊದಲು ಯಾವ ಪರಿಹಾರವನ್ನೂ ಅಂಟಿಸದ ಬರೀ ಮೂತಿಯ ಅಳತೆ. ಈ ಮೂತಿಯ ತುದಿಯ ಅರ್ಧಕೋನ 19 ಡಿಗ್ರಿ. ಅದರ ಎರಡರಷ್ಟು ಎತ್ತಿದಾಗ ಸುಳಿಗಳು ಓರೆಯಾಗುತ್ತವೆಂಬುದು ಕಚ್ಚಾ ಲೆಕ್ಕ. ಹಿಂದಿನ ಸಿಲಿಂಡರ್ ಉದ್ದವಾದಷ್ಟೂ ಈ ಓರೆತನ ಕಡಿಮೆ ಕೋನದಲ್ಲೇ ಶುರುವಾಗುತ್ತದೆ. 60 ಡಿಗ್ರಿ ದಾಟಿದ ಮೇಲೆ ಸುಳಿಗಳು ಎಡಬಲ ಸರದಿಯಲ್ಲಿ ಕಳಚುವುದರಿಂದ ಪಕ್ಕಬಲದ ಸರಾಸರಿ ತಗ್ಗುತ್ತದೆ. ಪ್ರತಿ ಕೋನದಲ್ಲೂ ಮೂತಿಯನ್ನು 15 ಡಿಗ್ರಿಯಂತೆ ಪೂರ್ತಿ ಸುತ್ತು ತಿರುಗಿಸಿ ಓದಬೇಕು. ಒಂದೇ ಸ್ಥಾನದಲ್ಲಿ ಅಳೆದು "ಪಕ್ಕಬಲ ಹೋಯಿತು" ಎನ್ನುವುದಕ್ಕೆ ಬೆಲೆಯಿಲ್ಲ. ಸರಾಸರಿಯೂ ಬೇಡ: ಎಡಬಲ ಕೂಡಿ ಸೊನ್ನೆಯಾಗಿಬಿಡುತ್ತದೆ. ಸುತ್ತಿನಲ್ಲಿ ಸಿಕ್ಕ ಅತಿ ದೊಡ್ಡ ಬೆಲೆಯನ್ನೇ ಹಿಡಿಯಿರಿ.

ಪರಿಹಾರಗಳಲ್ಲಿ ನನಗೆ ಹೆಚ್ಚು ನಂಬಿಕೆ ಸ್ಟ್ರೇಕ್, ಅಂದರೆ ಮೂತಿಯ ಎರಡೂ ಬದಿಗೆ ಹೊರಚಾಚುವ ತೆಳು ಪಟ್ಟಿಗಳ ಮೇಲೆ. 0.5 ಮಿ.ಮೀ. ಹಿತ್ತಾಳೆ ತಗಡಿನಿಂದ 2 ಮಿ.ಮೀ. ಎತ್ತರ, 45 ಮಿ.ಮೀ. ಉದ್ದದ ಎರಡು ಪಟ್ಟಿ ಕತ್ತರಿಸಿ, ಮೂತಿಯ ಎಡಬಲಕ್ಕೆ ಕೊರೆದ ಸೀಳಿನಲ್ಲಿ ಅರಾಲ್ಡೈಟ್ ಹಾಕಿ ಕೂರಿಸುತ್ತೇನೆ. ಅಂಚು ಚೂಪಾಗಿರಬೇಕು, ಎರಡೂ ಪಟ್ಟಿ ತುದಿಯಿಂದಲೇ ಆರಂಭವಾಗಬೇಕು. ತುದಿಯಲ್ಲಿ ಜಾಗ ಬಿಟ್ಟರೆ ಅಲ್ಲಿ ಹುಟ್ಟಿದ ಓರೆ ಸುಳಿ ಹಿಂದಿನದನ್ನೆಲ್ಲ ತನ್ನ ದಾರಿಗೆ ಎಳೆಯುತ್ತದೆ. ಗಾಳಿ ಬೇರ್ಪಡುವ ಜಾಗವನ್ನು ಚೂಪು ಅಂಚು ಎರಡೂ ಕಡೆ ಸಮನಾಗಿ ಕಟ್ಟಿಹಾಕುವುದೇ ಇದರ ಗುಟ್ಟು. ತೆರಬೇಕಾದ ಬೆಲೆಯೂ ಇದೆ: ಮೂತಿಯ ಲಿಫ್ಟ್ (ಮೇಲಕ್ಕೆಳೆಯುವ ಬಲ) ಹೆಚ್ಚಿ, ಮೂತಿ ಮೇಲೆತ್ತುವ ಮೊಮೆಂಟ್ (ತಿರುಗಿಸುವ ಬಲ) ಏರುತ್ತದೆ. ಉರುಳುತ್ತ ಹಾರುವ ವಾಹನಕ್ಕಂತೂ ಈ ಜೋಡಿ ಒಗ್ಗದು. ಕಾಲು ಸುತ್ತು ಉರುಳಿದರೆ ಒಂದು ಪಟ್ಟಿ ಗಾಳಿಗೆದುರು, ಇನ್ನೊಂದು ಮರೆಗೆ ಹೋಗುತ್ತದೆ.

ಅಂಥಲ್ಲಿ ಮೂತಿಯ ಸುತ್ತ ಸುರುಳಿಯಾಗಿ ಸುತ್ತಿ ಅಂಟಿಸುವ ತಂತಿ ನೋಡಬೇಕು. ಎತ್ತರದ ಚಿಮಣಿಗಳ ಸುತ್ತ ತಿರುಚಿದ ಪಟ್ಟಿ ಹಾಕುವುದು ಇದೇ ತತ್ವದ ಮೇಲೆ: ಗಾಳಿ ಬೇರ್ಪಡುವ ಜಾಗ ಉದ್ದಕ್ಕೂ ಬದಲಾಗುವುದರಿಂದ ಸುಳಿ ಒಗ್ಗೂಡಿ ಬಲಿಯುವುದಿಲ್ಲ. ಮೋಟಾರ್ ವೈಂಡಿಂಗ್‌ನ ತಾಮ್ರದ ತಂತಿ ಸಾಕು. ಅಂಟು ಗಡ್ಡೆಕಟ್ಟದಂತೆ ನೋಡಿಕೊಳ್ಳಿ.

ತುದಿಯನ್ನು 2–3 ಮಿ.ಮೀ. ತ್ರಿಜ್ಯಕ್ಕೆ ಮೊಂಡಾಗಿಸುವುದು ಸುಲಭ, ಆದರೆ ಪೂರ್ತಿ ಗುಣ ಸಿಗದು. ಮೈಮೇಲಿನ ಗಾಳಿಯ ಪದರ ಕದಡಲು ಹಚ್ಚುವ ಕಾರ್ಬೊರಂಡಂ (ಒರಟಾದ ಉಜ್ಜುಪುಡಿ) ಪುಡಿಯ ಉಂಗುರ ಈ ಕೋನಗಳಲ್ಲಿ ದಂಡ, ಏಕೆಂದರೆ ಗಾಳಿ ಮೈಗೆ ಅಡ್ಡಲಾಗಿ ಹರಿಯುತ್ತಿರುತ್ತದೆ. ಪುಡಿಯನ್ನು ಉದ್ದ ಪಟ್ಟಿಯಾಗಿಯೇ ಹಚ್ಚಬೇಕು.

ಮೈಗೆ ಎಣ್ಣೆ ಹಚ್ಚಿ, ಗಾಳಿಯ ಹಾದಿ ತೋರುವ ತೈಲದ ಗೆರೆ ನೋಡುವುದನ್ನು ಬಲದ ಅಳತೆ ಮುಗಿದ ಮೇಲೆ ಇಟ್ಟುಕೊಳ್ಳಿ. ತುದಿಗೆ ಒಂದು ಹನಿ ಎಣ್ಣೆ, ಒರೆಸಿದ ಬಟ್ಟೆಯ ಒಂದು ಎಳೆ ಅಂಟಿದರೂ ಸುಳಿ ಮಗ್ಗುಲು ಬದಲಿಸುತ್ತದೆ.

ಈ ವೇಗದಲ್ಲಿ ಗಾಳಿ ಲ್ಯಾಮಿನಾರ್ ಆಗಿಯೇ, ಅಂದರೆ ಪದರ ಕದಡದೆ ನಯವಾಗಿ ಹರಿಯುತ್ತಿರುವಾಗಲೇ, ಬೇರ್ಪಡುತ್ತದೆ. ರೆನಾಲ್ಡ್ಸ್ ಸಂಖ್ಯೆ ಲಕ್ಷಗಳಲ್ಲಿರುವ ನಿಜವಾದ ವಾಹನಕ್ಕೆ ತಂತಿಯ ದಪ್ಪವನ್ನು ಹೊಸದಾಗಿ ಆರಿಸಬೇಕು. ಸ್ಟ್ರೇಕ್‌ನ ಫಲಿತಾಂಶ ಅಷ್ಟಾಗಿ ಬದಲಾಗುವುದಿಲ್ಲ.