ಮೊಸರಿಗೆ ಎಷ್ಟು ಅಕ್ಷರ?

ನಾನು ಡಿಟಿಪಿ ಆಪರೇಟರ್. ಹಾಸನದ ಒಂದು ಜೆರಾಕ್ಸ್ ಅಂಗಡಿಯಲ್ಲಿ 11 ವರ್ಷದಿಂದ ಕನ್ನಡ ಟೈಪ್ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಬಾಡಿಗೆ ಕರಾರು, ಪರೀಕ್ಷೆ ಹತ್ತಿರ ಬಂತು ಅಂದರೆ ಶಾಲೆಗಳ ಪ್ರಶ್ನೆಪತ್ರಿಕೆ. 'ಬಿಟ್ಟ ಸ್ಥಳ ತುಂಬಿರಿ' ಅಂತ ಎಷ್ಟು ಸಲ ಹೊಡೆದಿದ್ದೇನೋ ಲೆಕ್ಕವಿಲ್ಲ. ಒಂದು ಗೆರೆ ಎಳೆದರೆ ಮುಗೀತು. ಆ ಗೆರೆ ಎಷ್ಟು ಉದ್ದ ಇರಬೇಕು ಅಂತ ಯಾವ ಮೇಷ್ಟ್ರೂ ಇವತ್ತಿನವರೆಗೆ ಕೇಳಿಲ್ಲ.

ಹೋದ ವರ್ಷ ರಾತ್ರಿ ಹೊತ್ತು ಸುಮ್ನೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತೆ. ಇನ್‌ಪುಟ್, ಪ್ರಿಂಟ್, ಇಫ್, ಫಾರ್ ಇಷ್ಟು ಬಂದ ಮೇಲೆ ಏನಾದರೂ ಮಾಡಿ ನೋಡಬೇಕು ಅನ್ನಿಸಿತು. ಗಾದೆ ಆಟ ಮಾಡೋಣ ಅಂದುಕೊಂಡೆ. ಗಾದೆಯಲ್ಲಿ ಒಂದು ಪದ ಬಿಟ್ಟು ತೋರಿಸುವುದು, ಆಡುವವರು ತುಂಬುವುದು. ಸುಳಿವಿಗೆ ಎಷ್ಟು ಅಕ್ಷರವೋ ಅಷ್ಟು ಅಡ್ಡಗೆರೆ. ಇಪ್ಪತ್ತು ಸಾಲಿನ ಕೆಲಸ, ಎರಡು ದಿನದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ.

ಮೊದಲ ಗಾದೆ 'ಕೈ ಕೆಸರಾದರೆ ಬಾಯಿ ಮೊಸರು'. ಮೊಸರು ತೆಗೆದು, ಪದದ ಉದ್ದ ಹೇಳುವ 'ಲೆನ್' ಕೇಳಿ, ಅಷ್ಟು ಗೆರೆ ಹಾಕಿಸಿದೆ. ಐದನೇ ಕ್ಲಾಸಿನ ಮಗ ಪಕ್ಕದಲ್ಲೇ ಇದ್ದ. ಬೆರಳಲ್ಲಿ ಎಣಿಸಿದ.

"ಅಮ್ಮಾ, ಐದು ಗೆರೆ ಇದೆ. ಮೊಸರು ಮೂರೇ ಅಕ್ಷರ ಅಲ್ವಾ?"

ಹೌದಲ್ಲ! 'ಕನ್ನಡ' ಅಂತ ಕೊಟ್ಟು ನೋಡಿದೆ. ಅದಕ್ಕೂ ಐದು ಅಂತು. 'ಐಶ್ವರ್ಯ'ಕ್ಕೆ ಏಳು. ಕಂಪ್ಯೂಟರ್‌ಗೆ ತಲೆ ಕೆಟ್ಟಿದೆ ಅಂದುಕೊಂಡು ಮಲಗಿದೆ.

ಉತ್ತರ ಸಿಕ್ಕಿದ್ದು ಮರುದಿನ ಅಂಗಡಿಯಲ್ಲಿ. ಯಾರದೋ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಕನ್ನಡ ಟೈಪಿಂಗಿನ ನುಡಿ ಕೀಲಿಮಣೆಯಲ್ಲಿ ಒತ್ತಕ್ಷರ ಬೇಕಾದರೆ ನಡುವೆ 'ಎಫ್' ಒತ್ತಬೇಕು. 'ಕನ್ನಡ' ಅಂದರೆ ಕ, ನ, ಎಫ್, ನ, ಡ. ಐದು ಸಲ ಬೆರಳು ಬಿತ್ತು. ಕೈ ಅಲ್ಲೇ ನಿಂತಿತು. 'ಮೊಸರು' ಅಂದರೆ ಮ, ಒತ್ವ, ಸ, ರ, ಕೊಂಬು. ಅದೂ ಐದೇ! ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಖ್ಯೆಗಳ ಪಟ್ಟಿಯಾದ ಯೂನಿಕೋಡ್‌ನಲ್ಲಿ ಗುಣಿತದ ಪ್ರತಿ ಗುರುತಿಗೂ ಒಂದು ಸಂಖ್ಯೆ, ಎಫ್ ಒತ್ತಿದರೆ ಬರುವ ಅರ್ಧಾಕ್ಷರದ ಗುರುತಿಗೆ ಇನ್ನೊಂದು. ಪೈಥಾನ್ ಆ ಸಂಖ್ಯೆಗಳನ್ನು ಎಣಿಸುತ್ತಿತ್ತು. ನನ್ನ ಬೆರಳು 11 ವರ್ಷದಿಂದ ಹಾಗೇ ಎಣಿಸುತ್ತಿದೆ, ನನಗೇ ಗೊತ್ತಿರಲಿಲ್ಲ. (ತಲಕಟ್ಟಿಗೆ ಮಾತ್ರ ಬೇರೆ ಗುರುತಿಲ್ಲ. ಅದು ಅಕ್ಷರದ ಜೊತೆಗೇ ಬರುತ್ತೆ.)

ಹಾಗಾಗಿ ಅಕ್ಷರ ಬಿಡಿಸುವ ಕೆಲಸ ನಾನೇ ಬರೆದೆ. ಪದವನ್ನು ಒಂದೊಂದೇ ಗುರುತಾಗಿ ನೋಡುತ್ತಾ ಹೋಗಬೇಕು. ಇಳಿ, ಗುಡಿಸು, ಕೊಂಬು, ಎತ್ವ, ಒತ್ವ, ಸೊನ್ನೆ ಇಂಥದ್ದು ಬಂದರೆ ಹಿಂದಿನ ಅಕ್ಷರಕ್ಕೆ ಅಂಟಿಸು. ಇಲ್ಲದಿದ್ದರೆ ಹೊಸ ಅಕ್ಷರ ಶುರು. ಮೊಸರು ಮೂರಾಯಿತು. ಆದರೆ 'ಛತ್ರಿ' ಕೊಟ್ಟರೆ ಛ, ತ್, ರಿ ಅಂತ ಮೂರು ತುಂಡು. ಅರ್ಧಾಕ್ಷರದ ಗುರುತನ್ನು ಹಿಂದಕ್ಕೆ ಅಂಟಿಸಿದ್ದೆ, ಅದರ ಮುಂದೆ ಬಂದದ್ದನ್ನು ಬಿಟ್ಟಿದ್ದೆ. 'ಹಿಂದಿನ ಗುರುತು ಅರ್ಧಾಕ್ಷರದ್ದಾದರೆ ಇದನ್ನೂ ಅದಕ್ಕೇ ಸೇರಿಸು' ಅಂತ ಒಂದು ಷರತ್ತು ಹಾಕಿದ ಮೇಲೆ ಛ, ತ್ರಿ ಎರಡೇ ಆದವು. ಐಶ್ವರ್ಯ ಮೂರು. ಈ ಹನ್ನೆರಡು ಸಾಲು ಬರೆಯಲು ನನಗೆ ನಾಲ್ಕು ರಾತ್ರಿ ಹಿಡಿಯಿತು. ಇಡೀ ಆಟದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಕೂಡ ಇದೇ.

ಗಾದೆಗಳನ್ನು ಬೇರೆ ಫೈಲಿಗೆ ಹಾಕಿದಾಗ ಹೊಸ ತಾಪತ್ರಯ. ಓದಲು ಹೋದರೆ ಕೆಂಪಕ್ಷರದಲ್ಲಿ ಎರರ್, 'ಬೈಟ್ 0ಎಕ್ಸ್8ಡಿ' ಓದಲಾಗದು ಅಂತ. ಹುಡುಕಿ ನೋಡಿದರೆ ಇಲ್ಲೂ ಅದೇ ಅರ್ಧಾಕ್ಷರದ ಗುರುತು. ಯೂನಿಕೋಡನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಒಂದೊಂದು ಕನ್ನಡ ಗುರುತಿಗೂ ಮೂರು ಬೈಟ್, ಅಂದರೆ ಮೂರು ತುಂಡು ಸಂಖ್ಯೆ, ಬೇಕು. ಈ ಗುರುತಿನ ಕೊನೆಯ ಬೈಟ್ 8ಡಿ. ನನ್ನ ವಿಂಡೋಸ್‌ನಲ್ಲಿ ಪೈಥಾನ್ ಫೈಲನ್ನು ಹಳೇ ಇಂಗ್ಲಿಷ್ ಪಟ್ಟಿ ಇಟ್ಟುಕೊಂಡು ಓದುತ್ತಿತ್ತು. ಆ ಪಟ್ಟಿಯಲ್ಲಿ 8ಡಿ ಜಾಗ ಖಾಲಿ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆದೆ, ಸರಿಹೋಯಿತು.

ಇನ್ನೊಂದು ತಪ್ಪು ನನ್ನನ್ನು ಜಾಸ್ತಿ ಸತಾಯಿಸಿತು. ಅಂಗಡಿಯ ಹಳೇ ಡಿಟಿಪಿ ಫೈಲಿನಲ್ಲಿ ಗಾದೆಗಳ ದೊಡ್ಡ ಪಟ್ಟಿ ಇತ್ತು. ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಿಕೊಂಡೆ. ಮಗ 'ಮೊಸರು' ಅಂತ ಸರಿಯಾಗೇ ಟೈಪ್ ಮಾಡಿದ. ಆಟ 'ತಪ್ಪು, ಸರಿ ಉತ್ತರ: ಮೊಸರು' ಅಂತು! ಮೇಲೆ ಕೆಳಗೆ ಎರಡೂ ಮೊಸರು, ಕಣ್ಣಿಗೆ ಕೂದಲಷ್ಟೂ ವ್ಯತ್ಯಾಸ ಇಲ್ಲ. ಎರಡರ ಲೆನ್ ಕೇಳಿದೆ. ಮಗನದು ಐದು, ಫೈಲಿನದು ಆರು. ಕನ್ವರ್ಟರ್ ಒತ್ವವನ್ನು ಒಂದೇ ಗುರುತಾಗಿ ಹಾಕದೆ ಎತ್ವ ಮತ್ತು ಕೊಂಬಿನಿಳಿ ಅಂತ ಎರಡು ಮಾಡಿ ಹಾಕಿತ್ತು. ಯೂನಿಕೋಡ್ ಲೆಕ್ಕದಲ್ಲಿ ಎರಡೂ ಒಂದೇ, ಕಾಣುವುದೂ ಒಂದೇ ಥರ. ಹೋಲಿಸುವಾಗ ಮಾತ್ರ ಬೇರೆ ಬೇರೆ. ಪೈಥಾನ್ ಜೊತೆಗೇ ಬರುವ 'ಯೂನಿಕೋಡ್‌ಡೇಟಾ'ದಲ್ಲಿ ನಾರ್ಮಲೈಸ್ ಅಂತ ಒಂದಿದೆ. ಫೈಲಿನ ಪದ, ಆಡುವವರ ಪದ ಎರಡನ್ನೂ ಅದರಲ್ಲಿ 'ಎನ್‌ಎಫ್‌ಸಿ' ರೂಪಕ್ಕೆ, ಅಂದರೆ ಒಡೆದ ಗುರುತುಗಳನ್ನು ಒಂದಾಗಿಸಿದ ರೂಪಕ್ಕೆ, ತಂದು ಆಮೇಲೆ ಹೋಲಿಸಿದೆ. ಕನ್ನಡದಲ್ಲಿ ಇಂಥ ಆಟ ಮಾಡುವವರು ಇದೊಂದನ್ನು ಮೊದಲ ದಿನವೇ ಹಾಕಿಬಿಡಿ.

ಉಳಿದದ್ದು ಸಲೀಸು. ಹಿಂದೆ ಮುಂದೆ ಬಿದ್ದ ಸ್ಪೇಸ್ ತೆಗೆಯಲು ಸ್ಟ್ರಿಪ್, ಬಂದ ಗಾದೆ ಮತ್ತೆ ಬರದಂತೆ ಪಟ್ಟಿಯನ್ನು ಕಲಸಲು ಷಫಲ್, ಮೂರು ಅವಕಾಶ, ಅಂಕ. ಪ್ರೋಗ್ರಾಂ ಓಡಿಸುವ ಕಪ್ಪು ಕಿಟಕಿಯಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿ ಆಗುತ್ತಿತ್ತು, ಅದಕ್ಕೆ ಪೈಥಾನ್ ಜೊತೆ ಬರುವ ಐಡಲ್‌ನಲ್ಲೇ ಆಡಿಸುತ್ತೇನೆ.

ಒಂದು ಭಾನುವಾರ ಅತ್ತೆಯನ್ನು ಕೂರಿಸಿಕೊಂಡೆ. ಅವರು ಹೇಳುವುದು, ನಾನು ಟೈಪ್ ಮಾಡುವುದು. 'ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ _ _ ಹಿಡಿದ'.

"ಛತ್ರಿ," ಅಂದರು. ಆಟ ತಪ್ಪು ಅಂತು. ಫೈಲಿನಲ್ಲಿ ಇದ್ದದ್ದು 'ಕೊಡೆ'.

"ನಮ್ಮ ಕಡೆ ಛತ್ರಿ ಅಂತಲೇ ಅನ್ನೋದು ಕಣಮ್ಮ. ನೀನೇ ಎರಡು ಗೆರೆ ಹಾಕಿದ್ದೀಯ, ಎರಡಕ್ಷರ ಹೇಳಿದ್ದೀನಿ. ಎಲ್ಲಿ ತಪ್ಪು?"

ವಾದಕ್ಕೆ ಜಾಗವೇ ಇರಲಿಲ್ಲ. ಆವತ್ತೇ ಪ್ರತಿ ಗಾದೆಗೂ ಒಂದೇ ಉತ್ತರದ ಬದಲು ಉತ್ತರಗಳ ಪಟ್ಟಿ ಇಟ್ಟೆ. ಮುಂದಿನದು 'ಅತ್ತೆಗೊಂದು ಕಾಲ, _ _ _ _ ಕಾಲ' ಅಂತ ಬಂತು. ಅತ್ತೆ ಗೆರೆ ಎಣಿಸಿದರು, ನನ್ನ ಮುಖ ನೋಡಿದರು, "ಇದನ್ನ ನೀನೇ ತುಂಬಿಕೋ" ಅಂತ ಎದ್ದು ಕಾಫಿಗೆ ಇಡಲು ಹೋದರು.