ಒಂದು ಬೆಡ್‌ರೂಮಿನ ಬಾಡಿಗೆ ಮನೆ ಹುಡುಕುವವರಿಗೆ

ದೊಡ್ಡ ಊರಿನಲ್ಲಿ ಮನೆ ಹುಡುಕುವಾಗ ಬರೀ ಬಾಡಿಗೆ ನೋಡಬೇಡಿ. ಬಾಡಿಗೆ, ಮೇಂಟೆನೆನ್ಸ್, ನೀರು, ಕರೆಂಟು, ಜೊತೆಗೆ ದಿನಾ ಕೆಲಸಕ್ಕೆ ಓಡಾಡುವ ಖರ್ಚು, ಎಲ್ಲ ಕೂಡಿಸಿ ಲೆಕ್ಕ ಹಾಕಿ. ದೂರದ ಅಗ್ಗದ ಮನೆ ಕೊನೆಗೆ ಜಾಸ್ತಿ ಬೀಳುವುದೂ ಉಂಟು.

ಆ್ಯಪ್‌ಗಳಲ್ಲಿ ಹುಡುಕಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಇಷ್ಟವಾದ ಏರಿಯಾದಲ್ಲಿ ಒಂದು ರಜಾದಿನ ಕಾಲ್ನಡಿಗೆಯಲ್ಲಿ ಸುತ್ತಿ. ಗೇಟಿಗೆ ಬೋರ್ಡ್ ಹಾಕಿ ಸುಮ್ಮನಿರುವ ಮಾಲೀಕರು ಇರುತ್ತಾರೆ. ನೇರವಾಗಿ ಮಾತಾಡಿದರೆ ಬ್ರೋಕರ್ ಕಮಿಷನ್ ಉಳಿಯುತ್ತದೆ. ಮುಖ್ಯ ರಸ್ತೆಯಿಂದ ಎರಡು ಬೀದಿ ಒಳಗೆ ಹೋದರೆ ಬಾಡಿಗೆ ಇಳಿಯುವ ಸಾಧ್ಯತೆ ಹೆಚ್ಚು. ಲಿಫ್ಟ್ ಇಲ್ಲದ ಮೇಲಿನ ಮಹಡಿಯನ್ನೂ ಕೇಳಿ ನೋಡಿ.

ಮನೆಯನ್ನು ಹಗಲೊಮ್ಮೆ, ರಾತ್ರಿಯೊಮ್ಮೆ ನೋಡಿ. ನಲ್ಲಿ ತಿರುಗಿಸಿ, ಫ್ಲಶ್ ಮಾಡಿ, ಬೀರು ಹಿಂದಿನ ಗೋಡೆ ಮುಟ್ಟಿ ನೋಡಿ. ಹೊಸ ಬಣ್ಣದ ಕೆಳಗೆ ತೇವ ಅಡಗಿರಬಹುದು. ನಾನು ಒಮ್ಮೆ ಇದನ್ನು ನೋಡದೆ ಹೋಗಿ, ಮಳೆಗಾಲ ಪೂರ್ತಿ ಬೂಷ್ಟಿನ ವಾಸನೆಯಲ್ಲಿ ಕಳೆದೆ. ಪಕ್ಕದ ಮನೆಯವರನ್ನು ನೀರಿನ ಬಗ್ಗೆ ಕೇಳಿ, ನಿಜ ಹೇಳುತ್ತಾರೆ.

"ಓನರ್ ಊರಲ್ಲಿಲ್ಲ, ಮೊದಲು ಟೋಕನ್ ಹಣ ಕಳಿಸಿ" ಅಂದರೆ ದಯವಿಟ್ಟು ಕಳಿಸಬೇಡಿ. ಮನೆ ನೋಡದೆ, ಮಾಲೀಕರು ಯಾರೆಂದು ಖಚಿತವಾಗದೆ ಒಂದು ಪೈಸೆಯೂ ಬೇಡ.

ಡೆಪಾಸಿಟ್ ಯಾವಾಗ ವಾಪಸ್, ಏನೇನು ಕಡಿತ, ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆ, ಖಾಲಿ ಮಾಡಲು ಎಷ್ಟು ದಿನದ ನೋಟಿಸ್, ಎಲ್ಲವೂ ಅಗ್ರಿಮೆಂಟಿನಲ್ಲಿ ಬರಲಿ. ಬಾಯಿಮಾತು ಆಮೇಲೆ ಯಾರಿಗೂ ನೆನಪಿರುವುದಿಲ್ಲ, ಅಲ್ವಾ? ಸಾಮಾನು ಇಳಿಸುವ ಮೊದಲೇ ಪ್ರತಿ ಮೂಲೆಯ ವಿಡಿಯೋ ಮಾಡಿ, ಅವತ್ತೇ ಮಾಲೀಕರಿಗೂ ಕಳಿಸಿಬಿಡಿ.