ಮೊದಲು ಮಗುವಿನ ಅಂಗಿ ಬಿಚ್ಚಿ, ಉಸಿರು ಎಣಿಸಿ

ಮಳೆಗಾಲದಲ್ಲಿ ಉಡುಪಿಯ ಮಕ್ಕಳ ಕ್ಲಿನಿಕ್ಕಿಗೆ ಬರುವ ಅಪ್ಪ ಅಮ್ಮ ಮೊದಲು ಹೇಳುವುದು 'ಜ್ವರ 102 ಇದೆ ಸಿಸ್ಟರ್' ಅಂತ. ಉಸಿರಾಟ ಹೇಗಿದೆ ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದಕ್ಕೇ ಅಲ್ಲಿಂದಲೇ ಶುರುಮಾಡುತ್ತೇನೆ.

ಮಗು ಅಳುವಾಗ, ಹಾಲು ಕುಡಿಯುವಾಗ ಎಣಿಸಬೇಡಿ. ಮಡಿಲಲ್ಲಿ ಸುಮ್ನೆ ಇರುವಾಗ ಅಂಗಿ ಎತ್ತಿ. ಹೊಟ್ಟೆ ಉಬ್ಬಿ ಇಳಿದರೆ ಒಂದು ಲೆಕ್ಕ. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡವೇ ಬೇಡ. ಎಳೆ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. 2 ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಮುಟ್ಟಿದರೆ ನಾಳೆಗೆ ಬಿಡಬೇಡಿ.

ಆಮೇಲೆ ಪಕ್ಕೆ ನೋಡಿ. ಒಮ್ಮೆ ಕಾಪು ಕಡೆಯ ಮಗುವೊಂದಕ್ಕೆ ಎರಡು ಸ್ವೆಟರ್ ಹಾಕಿ, ಎದೆಗೆಲ್ಲ ಮುಲಾಮು ಬಳಿದು ಕರೆತಂದಿದ್ದರು. ಜ್ವರ ಬರೀ 99. ಸ್ವೆಟರ್ ಬಿಚ್ಚಿದರೆ, ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಬೆರಳು ಹೂಳುವಷ್ಟು ಗುಳಿ ಬೀಳುತ್ತಿತ್ತು! ಹೀಗೆ ಗುಳಿ ಬಿದ್ದರೆ, ಮೂಗಿನ ಹೊಳ್ಳೆ ಅರಳಿದರೆ, ಮಗು ನರಳಿದರೆ, ತುಟಿ ನೀಲಿಯಾದರೆ ಎಣಿಸುತ್ತಾ ಕೂರಬೇಡಿ. ತಕ್ಷಣ ಹೊರಡಿ.

3 ತಿಂಗಳೊಳಗಿನ ಕೂಸಿಗೆ 100.4 ಜ್ವರ ಬಂದರೂ ತಕ್ಷಣ ತೋರಿಸಬೇಕು. ಹಣೆಗೆ ಅಂಟಿಸುವ ಪಟ್ಟಿ ನಂಬಬೇಡಿ, ಕಂಕುಳಲ್ಲಿಡುವ ಡಿಜಿಟಲ್ ಥರ್ಮಾಮೀಟರ್ ತೆಗೆದುಕೊಳ್ಳಿ.

ಮಂಗಳೂರು, ಉಡುಪಿಯವರಿಗೆ ಡೆಂಗಿ ಹೊಸದಲ್ಲ. ಆದರೂ ಜ್ವರ ಬಿಟ್ಟ ಕೂಡಲೇ ನಿರಾಳರಾಗುತ್ತಾರೆ. ಅಪಾಯ ಹೆಚ್ಚಾಗಿ ಆಗಲೇ ಬರುವುದು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗಿ ಮಂಕು ಕವಿಯುವುದು: ಒಂದು ಕಂಡರೂ ಆಸ್ಪತ್ರೆಗೆ ಹೋಗಿ. ಜ್ವರಕ್ಕೆ ಐಬುಪ್ರೊಫೆನ್ ಇರುವ ಸಿರಪ್ ಬೇಡ. ಪ್ಯಾರಾಸಿಟಮಾಲ್ ಮಾತ್ರ, ಅದೂ ಮಗುವಿನ ತೂಕ ನೋಡಿ ಡಾಕ್ಟರು ಹೇಳಿದಷ್ಟೇ.

ವಾಂತಿ ಭೇದಿಯಾದಾಗ ಉಚ್ಚೆ ಲೆಕ್ಕ ಇಡಿ. ಆರೆಂಟು ಗಂಟೆ ಉಚ್ಚೆ ಇಲ್ಲ, ಕಣ್ಣು ಗುಳಿಬಿದ್ದಿದೆ, ಅತ್ತರೂ ಕಣ್ಣೀರಿಲ್ಲ ಅಂದರೆ ಕಾಯಬೇಡಿ. ಒಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಅಂಗಡಿಯ ಸಿಹಿ ಜ್ಯೂಸ್ ಅದಕ್ಕೆ ಬದಲಿಯಲ್ಲ. ಉಪ್ಪು ಹಾಕಿದ ಗಂಜಿ ತಿಳಿ ಒಳ್ಳೆಯದೇ, ಆದರೆ ಆರು ತಿಂಗಳೊಳಗಿನ ಕೂಸಿಗೆ ಬೇಡ.

ಫಿಟ್ಸ್ ಬಂದರೆ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಚಮಚ, ಕೈಗೆ ಬೀಗದ ಕೈ ಎರಡೂ ಬೇಡ. ಐದು ನಿಮಿಷ ದಾಟುವವರೆಗೆ ಕಾಯದೆ 108ಕ್ಕೆ ಫೋನ್ ಮಾಡಿ.

ಬೈಕಿನಲ್ಲಿ ಇಬ್ಬರ ನಡುವೆ ಮಗುವನ್ನು ಕೂರಿಸಿಕೊಂಡು ಬರಬೇಡಿ, ಉಸಿರು ಕಾಣುವುದಿಲ್ಲ. ರಿಕ್ಷಾವಾದರೂ ಸರಿ, ಮುಖ ನಿಮಗೆ ಕಾಣುವ ಹಾಗೆ ಎತ್ತಿಕೊಳ್ಳಿ. ಕೊಟ್ಟ ಔಷಧಿಯ ಬಾಟಲಿ ಜೊತೆಗಿರಲಿ.